ಪಂಪಭಾರತದಲ್ಲಿ ಹಿರಿಯ ಸೇವಕನೂ ಕಿರಿಯ ಸೇವಕನೂ

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ಕಾಲೇಜಿನ ತರುಣ ಉಪನ್ಯಾಸಕರೊಬ್ಬರು ಪಂಪಭಾರತದ ದಶಮಾಶ್ವಾಸದೊಳಗಣ ಭೀಷ್ಮ ಪಟ್ಟಬಂಧದ ಪ್ರಕರಣವನ್ನು ಕುರಿತು ಒಂದು ಪ್ರಬಂಧವನ್ನು ಓದಿದರು. ಭೀಷ್ಮನು ತಾನಾಗಿಯೇ ಬದಿಗೆ ಸರಿದು ಕರ್ಣನಿಗೆ ಎಡೆಗೊಡಬೇಕಾಗಿದ್ದಿತೆಂದೂ, ಹಿರಿಯರು ಪಟ್ಟವನ್ನು ಬಿಡಲೊಲ್ಲದ ಆಸ್ಥಾನಕ್ಕೆ ಆಗತಕ್ಕ ಗತಿಯೇ ಕುರುಕ್ಷೇತ್ರವೆಂದೂ ಅವರ ವಾದ. ಪ್ರಬಂಧವು ಮುಗಿದೊಡನೆ ಸಭೆಯಲ್ಲಿ ಗುಜುಗುಜು ಎದ್ದಿತು. ನನ್ನ ವಯಸ್ಸಿನವರೇ ಆದ ಒಬ್ಬರು ಎದ್ದು ನಿಂತು, “ತಾವು ಹಳಗನ್ನಡವನ್ನು ಓದಿದ್ದು ಯಾರ ಬಳಿಯಲ್ಲಿ, ಯಾವ ಕಾಲೇಜಿನಲ್ಲಿ ಸ್ವಾಮೀ?” ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆನು. ಮನೆಗೆ ಬಂದು ಪುಸ್ತಕವನ್ನು ತೆರೆದು ನೋಡಿದರೆ ಆ ಪ್ರಶ್ನೆಯು ಪಂಪನಲ್ಲಿಯೇ ಇದ್ದಿತು, ಕೇಳಿದವನು ದ್ರೋಣ. ಆದುದರಿಂದ ಈ ಲೇಖನ.

ಭೀಷ್ಮ ಕರ್ಣರನ್ನು ನಾವು ಅಜ್ಜ ಮೊಮ್ಮಗರೆಂದೋ, ಧರ್ಮಾತ್ಮ ಗರ್ವಿಷ್ಠರೆಂದೋ ನೋಡುವುದು ರೂಢಿ. ಈ ಪ್ರಕರಣದ ಮಟ್ಟಿಗೆ ಅವರನ್ನು ಒಬ್ಬನೇ ಒಡೆಯನ ಅನ್ನವನ್ನುಂಡ ಇಬ್ಬರು ಸೇವಕರೆಂದು ನೋಡಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುವುವು. ಒಬ್ಬನು ಆ ಮನೆಯಲ್ಲಿ ಮೂರು ತಲೆಮಾರುಗಳನ್ನು ಕಂಡವನು. ಇನ್ನೊಬ್ಬನು ಒಂದು ದಿನದ ಅಸ್ತ್ರಪ್ರದರ್ಶನದಿಂದ ಒಡೆಯನ ಮನಸ್ಸನ್ನು ಗೆದ್ದು ಒಳಗೆ ಬಂದವನು. ಇವರಿಬ್ಬರೂ ಒಂದೇ ಓಲಗದಲ್ಲಿ ಕುಳಿತುಕೊಳ್ಳತಕ್ಕವರು. ಪಂಪನು ತಾನೂ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಯೋಧನೂ ಆಗಿದ್ದವನಾದ್ದರಿಂದ ಓಲಗದ ಒಳಗುದಿಯು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಅವನ ಜನನವು ಕ್ರಿ. ಶ. ೯೦೨ರಲ್ಲಿ, ‘ಆದಿಪುರಾಣ’ವು ಮುಗಿದುದು ೯೪೧ರಲ್ಲಿ, ‘ವಿಕ್ರಮಾರ್ಜುನ ವಿಜಯ’ವೂ ಆ ಸುಮಾರಿನದೇ. ಎಂದರೆ ಈ ಜಗಳವನ್ನು ಬರೆಯುವಾಗ ಕವಿಗೆ ೩೯ರ ಆಸುಪಾಸು. ಕರ್ಣನಂತೆ ತರುಣನಲ್ಲ, ಭೀಷ್ಮನಂತೆ ವೃದ್ಧನೂ ಅಲ್ಲ; ಎರಡು ದಡಗಳೂ ಕಾಣುವ ನಡುಹೊಳೆಯ ವಯಸ್ಸು. ಇದಕ್ಕೆ ಹೆಚ್ಚಿನ ಬೆಲೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ, ಆದರೆ ಇಬ್ಬರ ಬಾಯಿಗೂ ಅವನು ಕೊಟ್ಟ ಮಾತುಗಳನ್ನು ಓದುವಾಗ ಇದು ನೆನಪಾಗದೆ ಇರುವುದಿಲ್ಲ.

ಮೊದಲು ಮೂಲವನ್ನು ನೋಡೋಣ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಭೀಷ್ಮನು ಸೇನಾಪತ್ಯವನ್ನು ಒಪ್ಪಿಕೊಳ್ಳುವಾಗಲೇ ಒಂದು ಕಟ್ಟನ್ನು ಹಾಕುತ್ತಾನೆ: ಮೊದಲು ಕರ್ಣನು ಕಾದಲಿ, ಇಲ್ಲವೆ ನಾನು ಕಾದುವೆನು, ಅವನಿಗೆ ನನ್ನೊಡನೆ ಯಾವಾಗಲೂ ಸ್ಪರ್ಧೆ. ಆಮೇಲೆ ಎರಡೂ ಪಡೆಗಳ ವೀರರನ್ನು ರಥ, ಅತಿರಥರೆಂದು ಎಣಿಸುತ್ತ ಬಂದು, ತುಂಬಿದ ಸಭೆಯಲ್ಲಿ ಕರ್ಣನನ್ನು ‘ಅರ್ಧರಥ’ನೆಂದುಬಿಡುತ್ತಾನೆ. ಕವಚಕುಂಡಲಗಳನ್ನು ಕಳೆದುಕೊಂಡವನು, ಗುರುವಿನ ಶಾಪಕ್ಕೆ ಈಡಾದವನು ಎಂಬುದು ಕಾರಣ. ದ್ರೋಣನು ಅಹುದೆನ್ನುತ್ತಾನೆ. ಇದಕ್ಕೆ ಕರ್ಣನು ಕೊಡುವ ಉತ್ತರವನ್ನು ಕೋಪದ ಮಾತೆಂದು ಹಾರಿಸಿಬಿಡಬಾರದು. ತಪ್ಪಿಲ್ಲದ ನನ್ನನ್ನು ಹೆಜ್ಜೆಹೆಜ್ಜೆಗೂ ನುಡಿಬಾಣದಿಂದ ಚುಚ್ಚುತ್ತೀಯೆ, ದುರ್ಯೋಧನನಿಗಾಗಿ ಸಹಿಸಿಕೊಂಡಿದ್ದೇನೆ ಎನ್ನುತ್ತಾನೆ. ವರ್ಷಗಳಿಂದಲೂ ನರೆಗೂದಲಿನಿಂದಲೂ ಯಾರೂ ಮಹಾರಥರಾಗುವುದಿಲ್ಲವೆನ್ನುತ್ತಾನೆ. ವೃದ್ಧರ ಮಾತನ್ನು ಕೇಳಬೇಕೆಂಬುದು ಶಾಸ್ತ್ರ, ಅತಿವೃದ್ಧರ ಮಾತನ್ನಲ್ಲ, ಏಕೆಂದರೆ ಅವರು ಮರಳಿ ಮಕ್ಕಳಾಗಿರುವರು ಎಂದೂ ಹೇಳುತ್ತಾನೆ. ಕೊನೆಯಲ್ಲಿ ಬರುವುದೇ ಮುಖ್ಯವಾದ ಮಾತು: ನಾನು ಕಾದಿ ಗೆದ್ದರೂ ಕೀರ್ತಿಯು ಸೇನಾಪತಿಗೆ ಹೋಗುವುದು, ಕಾದಿದವನಿಗೆ ಬರುವುದಿಲ್ಲ, ಆದ್ದರಿಂದ ಭೀಷ್ಮನು ಬದುಕಿರುವ ವರೆಗೆ ನಾನು ಯುದ್ಧಮಾಡೆನು.

ಕಿರಿಯನು ದುಡಿಯುವುದು, ಹೆಸರು ಮೇಲಿನವನಿಗೆ ಹೋಗುವುದು! ಯಾವ ಕಚೇರಿಯಲ್ಲಿ, ಯಾವ ಶಾಲೆಯಲ್ಲಿ ಈ ಮಾತನ್ನು ನಾವು ಕೇಳಿಲ್ಲ? ನಮ್ಮ ಕಡೆಯ ಪುರಾಣಿಕರು ಈ ಭಾಗವನ್ನು ಬೇಗಬೇಗನೆ ದಾಟಿಸಿಬಿಡುವರು. ವ್ಯಾಸರು ದಾಟಿಸಲಿಲ್ಲ.

ಆದರೂ ಕರ್ಣನ ವಾದದಲ್ಲಿ ಒಂದು ಹುಳುಕುಂಟು. ಪಾಂಡುಪುತ್ರರನ್ನು ಕೊಲ್ಲೆನೆಂದು ಮೊದಲೇ ಹೇಳಿ ಸೇನಾಪತ್ಯವನ್ನು ವಹಿಸಿದವನು ಭೀಷ್ಮ. ಹಗೆಯನ್ನು ಕೊಲ್ಲದ ಸೇನಾಪತಿಯು ಯಾತಕ್ಕೆಂದು ಕೇಳಿದ್ದರೆ ಅದು ಉತ್ತರವಿಲ್ಲದ ಪ್ರಶ್ನೆಯಾಗುತ್ತಿತ್ತು. ಇವನು ಕೌರವರಿಗೆ ಹಿತನಲ್ಲವೆಂದು ಕರ್ಣನು ಆ ಗಾಯದ ಹತ್ತಿರಕ್ಕೆ ಬರುತ್ತಾನೆ, ಮುಟ್ಟುತ್ತಾನೆ, ಅಷ್ಟರಲ್ಲಿಯೇ ಅದನ್ನು ಬಿಟ್ಟು ನರೆಗೂದಲಿನ ಮೇಲೆ ಬೀಳುತ್ತಾನೆ. ನಿಜವಾದ ಆಕ್ಷೇಪಣೆಯಿದ್ದ ತರುಣನು ಬೈಗುಳದಿಂದ ಅದನ್ನು ಕೆಡಿಸಿಕೊಂಡನು. ನಮ್ಮ ಉಪನ್ಯಾಸಕ ಮಹಾಶಯರು ಈ ಅಂಶವನ್ನು ಗಮನಿಸಿದ್ದರೆ ಅವರ ಪ್ರಬಂಧವು ಇನ್ನೂ ಬಲವಾಗುತ್ತಿತ್ತು.

ಪಂಪನ ಕರ್ಣನು ಇದೇ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾನೆ. ಮುದುಕನ ನೊಸಲಿಗೆ ಕಟ್ಟಿದ ಪಟ್ಟವು ಅವನ ಕಣ್ಣಿಗೆ ಬರಿಯ ಹಗ್ಗ. ಮುದುಕನು ಹಿಡಿದ ಬಿಲ್ಲು ಬರಿಯ ಕೋಲು. ಇಲ್ಲಿ ನನಗೆ ಕಾಳಿದಾಸನ ಕಂಚುಕಿಯು ನೆನಪಿಗೆ ಬರುವನು. ‘ಶಾಕುಂತಲ’ದ ಪಂಚಮಾಂಕದ ಆದಿಯಲ್ಲಿ ಆ ವೃದ್ಧನು ತನ್ನ ಕೈಯ ಬೆತ್ತವನ್ನು ನೋಡಿಕೊಂಡು, ಅಧಿಕಾರದ ಗುರುತೆಂದು ಹಿಡಿದ ಇದೇ ಈಗ ನಡೆಯಲು ಊರುಗೋಲಾಯಿತಲ್ಲಾ ಎಂದುಕೊಳ್ಳುವನು. ಭಾವವು ಹೆಚ್ಚುಕಡಿಮೆ ಒಂದೇ: ಪದವಿಯ ಚಿಹ್ನೆಯು ಮುಪ್ಪಿನ ಕೈಯಲ್ಲಿ ಕೋಲಾಗುವುದು. ಆದರೆ ಮುದುಕನು ತನ್ನನ್ನು ಕುರಿತು ತಾನೇ ಆಡಿದಾಗ ಅದು ನಗೆಯೊಳಗಣ ಕರುಣ. ಎಳೆಯನು ಸಭೆಯಲ್ಲಿ ಆಡಿದಾಗ ಶೂಲ. ಶಬ್ದಾರ್ಥಗಳೆಲ್ಲ ಒಂದೇ ಆಗಿದ್ದರೂ ವಕ್ತೃವಿನ ಭೇದದಿಂದ ರಸವೇ ಬೇರೆಯಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕಂಡುಕೊಳ್ಳಲಿಲ್ಲವಲ್ಲಾ ಎಂದು ಈಗ ಮರುಗುವೆನು.

ಕಂಚುಕಿಗಳ ಮಾತು ಬಂದುದರಿಂದ ಇನ್ನೊಬ್ಬನನ್ನೂ ಹೇಳಿಬಿಡುವೆನು. ಭವಭೂತಿಯ ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ದಶರಥನ ಕಾಲದ ಕಂಚುಕಿಯು ಹೊಸದಾಗಿ ಪಟ್ಟವೇರಿದ ರಾಮನ ಬಳಿಗೆ ಬಂದು, ಹಳೆಯ ಅಭ್ಯಾಸಬಲದಿಂದ ‘ರಾಮಭದ್ರ’ ಎಂದು ಕರೆದು, ಅರ್ಧದಲ್ಲಿಯೇ ಬೆದರಿ, ‘ಮಹಾರಾಜ’ ಎಂದು ತಿದ್ದಿಕೊಳ್ಳುವನು. ರಾಮನು ಮುಗುಳ್ನಕ್ಕು, ತಂದೆಯ ಕಾಲದ ಪರಿಜನರ ಬಾಯಲ್ಲಿ ತನಗೆ ಹಳೆಯ ಹೆಸರೇ ಒಪ್ಪುವುದೆನ್ನುವನು. ಹಿರಿಯನು ತಾನಾಗಿ ತಿದ್ದಿಕೊಂಡನು, ಕಿರಿಯನು ತಾನಾಗಿ ಬಿಟ್ಟುಕೊಟ್ಟನು. ಎರಡು ಸಂಬೋಧನೆಗಳ ನಡುವೆ ಎಲ್ಲವೂ ಮುಗಿಯಿತು. ಕೌರವನ ಓಲಗದಲ್ಲಿ ಇಂಥ ಗಳಿಗೆಯೊಂದು ಬರಲೇ ಇಲ್ಲ.

ಈಗ ದ್ರೋಣನ ಮಾತು. ಪಂಪನಲ್ಲಿ ಕರ್ಣನ ನಿಂದೆಗೆ ಮೊದಲು ಉತ್ತರ ಕೊಡುವವನು ಭೀಷ್ಮನಲ್ಲ, ದ್ರೋಣ. ಸಿಂಹದ ಮುಪ್ಪನ್ನೂ ಗಾಂಗೇಯನ ಮುಪ್ಪನ್ನೂ ಹೀಗೆ ಹಳಿಯಬಹುದೆ ಎಂದು ಅವನು ಆರಂಭಿಸುವುದು ಗಂಭೀರವಾಗಿಯೇ ಇದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಚಾರ್ಯಪದವಿಗೆ ಶೋಭೆ. ನಿಲ್ಲಿಸಲಿಲ್ಲ; ನಿನ್ನ ನಾಲಗೆಯೇ ನಿನ್ನ ಕುಲವನ್ನು ಹೊರಗೆಡಹುತ್ತಿದೆ ಎಂಬರ್ಥದ ಮಾತನ್ನು ಸೇರಿಸಿದನು. ಕರ್ಣನು ಕೇಳಿದುದು ಸಾಮರ್ಥ್ಯವನ್ನು ಕುರಿತು. ದ್ರೋಣನು ಹೇಳಿದುದು ಹುಟ್ಟನ್ನು ಕುರಿತು. ಪ್ರಶ್ನೆಗೆ ಉತ್ತರವು ತೋರದಾಗ ಪ್ರಶ್ನೆ ಕೇಳಿದವನ ಮೂಲವನ್ನು ಕೇಳುವುದು ನಮ್ಮಂಥ ಹಿರಿಯರಿಗೆ ಒಂದು ಹಳೆಯ ಚಟ. ಆಗ ಕರ್ಣನು, ಹುಟ್ಟು ಕುಲವಲ್ಲ, ಛಲವೇ ಕುಲ, ಗುಣವೇ ಕುಲ ಎಂದು ಕೊಡುವ ಉತ್ತರವು ಕನ್ನಡನಾಡಿನಲ್ಲಿ ಪಾಠಶಾಲೆಯ ಮಕ್ಕಳಿಗೂ ಬರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು: ಈ ಪದ್ಯವನ್ನು ಪಂಪನು ಕರ್ಣನಿಂದ ಆಡಿಸಿದುದು ದ್ರೋಣನು ಜಾರಿದುದರಿಂದ. ಕರ್ಣನ ಬೈಗುಳದಿಂದ ಅವನ ಕಡೆಗೆ ತಿರಸ್ಕಾರಗೊಂಡಿದ್ದ ಓದುಗನ ಮನಸ್ಸನ್ನು ದ್ರೋಣನು ಒಂದೇ ಮಾತಿನಿಂದ ಮರಳಿ ಕರ್ಣನ ಪಕ್ಷಕ್ಕೆ ತಳ್ಳಿಬಿಟ್ಟನು.

ಇಷ್ಟೆಲ್ಲ ಆದ ಮೇಲೆ ಭೀಷ್ಮನು ಬಾಯಿ ತೆರೆಯುವನು. ಮೂಲದ ಭೀಷ್ಮನು ಇಲ್ಲಿ ಸಿಟ್ಟಾಗಿ, ನಮ್ಮಲ್ಲಿ ಒಡಕು ಹುಟ್ಟಬಾರದೆಂದಷ್ಟೇ ನಿನ್ನನ್ನು ಬಿಟ್ಟಿದ್ದೇನೆ ಎಂದು ಗದರಿಸುತ್ತಾನೆ, ಪರಶುರಾಮನೊಡನೆ ಕಾದಿದ ತನ್ನ ಪೂರ್ವಪ್ರತಾಪವನ್ನು ಹೇಳಿಕೊಳ್ಳುತ್ತಾನೆ. ನಿವೃತ್ತರಾದವರು ತಮ್ಮ ಕಾಲದ ಕಥೆಯನ್ನು ತೆಗೆದಂತೆ! ಪಂಪನು ಇದೆಲ್ಲವನ್ನೂ ಕೈಬಿಟ್ಟನು. ರಸಕ್ಕಾಗಿ ಪ್ರಸಿದ್ಧವಾದ ಕಥೆಯ ಭಾಗವನ್ನು ಬದಲಿಸುವುದಕ್ಕೆ ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ಪ್ರಕರಣವಕ್ರತೆಯೆಂದು ಹೆಸರಿಟ್ಟು, ಶಾಕುಂತಲದ ದುರ್ವಾಸಶಾಪವನ್ನು ತೋರಿಸಿರುವನು. ಕನ್ನಡದಲ್ಲಿ ಉದಾಹರಣೆ ಬೇಕೆಂದವರು ಇಲ್ಲಿಗೆ ಬರಬಹುದು. ಪಂಪನ ಭೀಷ್ಮನು ಸಿಟ್ಟಾಗುವುದಿಲ್ಲ. ಕಲಿತನದ ಸೊಕ್ಕು, ಹರೆಯದ ಮದ, ಒಡೆಯನ ನಂಬುಗೆ, ತೋಳಿನ ಬಲ, ಇವು ನಿನಗಿರುವಷ್ಟು ನನಗೆಲ್ಲಿಯವು ಎಂದು ಕೇಳಿ, ಇದು ಮಹಾಭಾರತದ ಯುದ್ಧ, ಏಕೆ ತಳಮಳಿಸುವೆ, ನಿನಗೂ ‘ಸೂೞ್’ ದೊರೆಯುವುದು ಎನ್ನುತ್ತಾನೆ.

ಈ ಮಾತು ವ್ಯಂಗ್ಯವೋ ಸತ್ಯವೋ? ಕಾಕುಸ್ವರದಿಂದ ಓದಿದರೆ ಇಡಿಯ ಪದ್ಯವು ಮೊನಚಾದ ಹಂಗಣೆಯಾಗುವುದು. ನಮ್ಮ ಗಮಕಿಗಳು ಸಾಮಾನ್ಯವಾಗಿ ಹಾಗೆಯೇ ಓದುವರು. ನೇರವಾದ ದನಿಯಲ್ಲಿ ಓದಿದರೆ ವೃದ್ಧನ ನಿವೇದನೆಯಾಗುವುದು. ನಾಲ್ಕು ಅಂಶಗಳನ್ನೂ ಒಂದೇ ದನಿಯಲ್ಲಿ ಓದಬಾರದೆಂದು ನನ್ನ ಮತ. ಸೊಕ್ಕು, ಮದ, ತೋಳ್ಬಲ ಈ ಮೂರರಲ್ಲಿ ಕಾಕುವುಂಟು. ‘ಒಡೆಯನ ನಂಬುಗೆ’ಯಲ್ಲಿ ಇಲ್ಲ. ಅದು ಭೀಷ್ಮನ ಎದೆಯಿಂದ ಬಂದ ಉಸಿರು. ಪಟ್ಟವನ್ನು ನನಗೆ ಕಟ್ಟಿದರು, ನಂಬುಗೆಯನ್ನು ನಿನ್ನಲ್ಲಿ ಇಟ್ಟರು ಎಂಬುದನ್ನು ಆ ಮುದುಕನು ಬಲ್ಲನು. ಕಿರಿಯನಿಗೆ ಪಟ್ಟದ ಮೇಲೆ ಕಣ್ಣು, ಹಿರಿಯನಿಗೆ ನಂಬುಗೆಯ ಮೇಲೆ ಕಣ್ಣು. ಇನ್ನೊಬ್ಬನಲ್ಲಿರುವುದೇ ದೊಡ್ಡದೆಂದು ಇಬ್ಬರೂ ತಿಳಿದಿರುವರು. ಹಿರಿಯ ಕಿರಿಯ ಸಹೋದ್ಯೋಗಿಗಳ ಬಿರುಕಿನ ಮೂಲವನ್ನು ಪಂಪನು ವಯಸ್ಸಿನಲ್ಲಿ ಕಾಣಲಿಲ್ಲ, ಇಲ್ಲಿ ಕಂಡನು. ನಮ್ಮ ಉಪನ್ಯಾಸಕರು ಕರ್ಣನನ್ನು ಯೌವನದ ಪ್ರತಿನಿಧಿಯೆಂದೂ ಭೀಷ್ಮನನ್ನು ಮುಪ್ಪಿನ ಪ್ರತಿನಿಧಿಯೆಂದೂ ಮಾಡಿದುದು ಈ ಒಂದು ಶಬ್ದದ ಮುಂದೆ ನಿಲ್ಲಲಾರದು.

‘ಸೂೞ್’ ಎಂಬ ಶಬ್ದವನ್ನು ಕುರಿತು ಈಗ ಸ್ವಲ್ಪ ನನ್ನ ವಿಷಯವನ್ನೇ ಹೇಳಬೇಕಾಗಿದೆ; ಸಂಪಾದಕರು ಕ್ಷಮಿಸಬೇಕು. ನಾನು ಪಾಠಶಾಲೆಯಲ್ಲಿ ಓದಿ ವಿದ್ವತ್ ಪರೀಕ್ಷೆಯನ್ನು ಮುಗಿಸಿ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳ ಪಂಡಿತನಾಗಿದ್ದೆನು. ನಿವೃತ್ತಿಗೆ ಕೆಲವು ವರ್ಷಗಳು ಉಳಿದಿದ್ದಾಗ ತರುಣರೊಬ್ಬರು ಕನ್ನಡದ ಅಧ್ಯಾಪಕರಾಗಿ ಬಂದರು. ಪಠ್ಯದಲ್ಲಿ ಈ ಪ್ರಕರಣದ ಕೆಲವು ಪದ್ಯಗಳಿದ್ದುವು. ಆ ಶಬ್ದವು ಈಗಿನ ಕಿವಿಗೆ ಬೇರೊಂದು ಮಾತನ್ನು ನೆನಪಿಗೆ ತರುವುದರಿಂದ ತರಗತಿಯಲ್ಲಿ ಹುಡುಗರು ನಗುವರು, ಪ್ರತಿವರ್ಷವೂ ನಕ್ಕಿರುವರು, ನಾನು ಪ್ರತಿವರ್ಷವೂ ಗದರಿಸಿರುವೆನು. ಆ ತರುಣರು ಗದರಿಸಲಿಲ್ಲ. ಹುಡುಗರನ್ನು ಬಯಲಿಗೆ ಕರೆದುಕೊಂಡು ಹೋಗಿ ಚಿನ್ನಿದಾಂಡು ಆಡಿಸಿ, ಕಾದು ನಿಂತಿದ್ದವನ ಕೈಗೆ ದಾಂಡು ಬಂದಾಗ, “ಇದೋ, ಈಗ ನಿನ್ನ ಸೂಳು” ಎಂದರಂತೆ. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ, ತನಿಖೆಗೆ ಬಂದಿದ್ದ ಅಧಿಕಾರಿಗಳ ಎದುರಿಗೆ, ನಾನು ಅವರನ್ನು ಪ್ರಶ್ನಿಸಿದೆನು: ಅದು ಕುಳವೋ, ಕ್ಷಳವೋ, ರೞವೋ? ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಏನು ಹೇಳಿದ್ದಾನೆ? ಅವರು ತಡವರಿಸಿದರು. “ಅರ್ಧಪಾಠವಾದರೂ ಆಟ ಪೂರ್ತಿ” ಎಂದೆನು. ಅಲ್ಲಿದ್ದವರು ನಕ್ಕರು. “ತಪ್ಪಾಯಿತು ಪಂಡಿತರೇ, ನೋಡಿಕೊಂಡು ಬರುತ್ತೇನೆ” ಎಂದು ಅವರು ಎದ್ದುಹೋದರು. ಅಂದಿನಿಂದ ಅವರು ನನ್ನೊಡನೆ ಅಗತ್ಯಕ್ಕಿಂತ ಹೆಚ್ಚಾಗಿ ಮಾತನಾಡಲಿಲ್ಲ. ಎರಡು ವರ್ಷಗಳ ಮೇಲೆ ವರ್ಗವಾಗಿ ಬೇರೆ ಜಿಲ್ಲೆಗೆ ಹೋದರು.

ರೞಕಾರದ ವಿಷಯದಲ್ಲಿ ನಾನು ಹೇಳಿದುದು ಸರಿಯೇ. ಆದರೆ ಚಿನ್ನಿದಾಂಡಿನ ವಿಷಯವನ್ನು ನಾನು ಆಗ ಯೋಚಿಸಲಿಲ್ಲ. ಆ ಆಟದಲ್ಲಿ ನಿನ್ನ ಸರದಿ ಬರುವುದು ಯಾವಾಗ? ದಾಂಡು ಹಿಡಿದಿರುವವನು ಸೋತು ಹೊರಗೆ ಹೋದಾಗ. ಅವನು ಆಡುತ್ತಿರುವ ವರೆಗೆ ನೀನು ಬಯಲಿನಲ್ಲಿ ನಿಂತು ಅವನು ಸೋಲುವುದನ್ನೇ ಹಾರೈಸುತ್ತಿರಬೇಕು. ಭೀಷ್ಮನು ಕರ್ಣನಿಗೆ ಆಡಿದ ಮಾತಿನ ಧ್ವನಿಯೆಲ್ಲವೂ ಅಲ್ಲಿದೆ. ಅದು ಸಾಂತ್ವನವೂ ಹೌದು, ತನ್ನ ಸಾವಿನ ಸೂಚನೆಯೂ ಹೌದು. ಕರ್ಣನ ಪ್ರತಿಜ್ಞೆಯೂ ಅದಕ್ಕೆ ಸರಿಯಾಗಿಯೇ ಇದೆ: ಭೀಷ್ಮನು ಗೆದ್ದರೆ ತಾನು ತಪಸ್ಸಿಗೆ ಹೋಗುವೆನು, ಬಿದ್ದರೆ ಬಿಲ್ಲನ್ನು ಹಿಡಿಯುವೆನು. ಒಂದೇ ಪಕ್ಷದ ಇಬ್ಬರು ಒಟ್ಟಿಗೆ ನಿಂತು ಕಾದುವ ಮೂರನೆಯ ದಾರಿಯೊಂದು ಇಬ್ಬರ ಬಾಯಿಗೂ ಬರಲಿಲ್ಲ. ನಾನು ವರ್ಷವರ್ಷವೂ ‘ಸೂೞ್ ಎಂದರೆ ಸರದಿ, ಬಾರಿ’ ಎಂದು ಬರೆಯಿಸಿ ಮುಂದಿನ ಪದ್ಯಕ್ಕೆ ಹೋದವನು. ಅರ್ಧಪಾಠ ಯಾರದೆಂದು ವಾಚಕರೇ ತಿಳಿಯುವರು.

ಸರದಿಗಳ ಲೆಕ್ಕವನ್ನು ನೋಡಿದರೆ ಕರ್ಣನ ಅವಸರವು ಅಷ್ಟು ಅನ್ಯಾಯವಾಗಿ ತೋರುವುದಿಲ್ಲ. ೧೮ ದಿನಗಳ ಯುದ್ಧದಲ್ಲಿ ಭೀಷ್ಮನಿಗೆ ೧೦ ದಿನ, ದ್ರೋಣನಿಗೆ ೫, ಕರ್ಣನಿಗೆ ಬಂದುದು ೨, ಶಲ್ಯನದು ಅರ್ಧದಿನ. ಸೂೞ್ ಬಂದಿತು ನಿಜ, ಪಡೆಯು ಕರಗಿಹೋದ ಮೇಲೆ ಬಂದಿತು. ಕೀರ್ತಿಯೆಲ್ಲ ಸೇನಾಪತಿಗೆ ಹೋಗುವುದೆಂದವನಿಗೆ ಸೇನಾಪತ್ಯವು ದೊರೆತಾಗ ಉಳಿದಿದ್ದುದು ಸೋಲಿನ ಹೊಣೆ ಮಾತ್ರ. ಇನ್ನು ಈ ಸರದಿಯನ್ನು ಹಂಚಿದವನು? ವ್ಯಾಸಭಾರತದ ದುರ್ಯೋಧನನು ಇಬ್ಬರ ಜಗಳದ ನಡುವೆ ಬಾಯಿ ಹಾಕಿ ಭೀಷ್ಮನಿಗೆ ಹೇಳುವುದು, ನನ್ನ ಕಡೆ ನೋಡು, ದೊಡ್ಡ ಕೆಲಸವಿದೆ ಎಂದು. ಕರ್ಣನು ಅರ್ಧರಥನೆಂಬುದು ಸುಳ್ಳೆಂದು ಆ ಗೆಳೆಯನು ಸಭೆಯಲ್ಲಿ ಹೇಳಲಿಲ್ಲ. ಒಡೆಯರಿಗೆ ಇಬ್ಬರೂ ಬೇಕು. ಇಬ್ಬರ ನಡುವಣ ಬಿರುಕನ್ನು ಮುಚ್ಚುವ ಶ್ರಮವು ಬೇಡ.

ಕೊನೆಗೆ ಶರಶಯ್ಯೆ. ಎಲ್ಲರೂ ಹೋದ ಮೇಲೆ ಕರ್ಣನು ಒಬ್ಬನೇ ಬರುವನು. ನಿನ್ನ ಕಣ್ಣಿಗೆ ಸದಾ ಬೇಡವಾಗಿದ್ದ ರಾಧೇಯನು ನಾನು ಎಂದು ಹೇಳಿಕೊಳ್ಳುವನು. ಭೀಷ್ಮನು ಕಾವಲಿನವರನ್ನು ಕಳುಹಿಸಿ, ಒಂದೇ ತೋಳಿನಿಂದ ಮಗನನ್ನಪ್ಪುವಂತೆ ಅಪ್ಪಿಕೊಂಡು, ನೀನು ಕುಂತಿಯ ಮಗನೆಂದು ನಾರದನಿಂದಲೂ ವ್ಯಾಸನಿಂದಲೂ ತಿಳಿದಿದ್ದೆನು ಎನ್ನುವನು. ಬಿಲ್ಗಾರಿಕೆಯಲ್ಲಿ ನೀನು ಅರ್ಜುನನಿಗೆ, ಕೃಷ್ಣನಿಗೆ ಸಮಾನನೆನ್ನುವನು. ನಿನ್ನ ಮೇಲೆ ನನಗೆ ದ್ವೇಷವಿರಲಿಲ್ಲ, ನಿನ್ನ ತೇಜಸ್ಸನ್ನು ಕುಗ್ಗಿಸಲೆಂದೇ ಪರುಷವಾಗಿ ನುಡಿದೆನು ಎನ್ನುವನು. ಪುರಾಣಿಕರು ಇಲ್ಲಿ ಕಣ್ಣೊರಸಿಕೊಳ್ಳುವರು, ಶ್ರೋತೃಗಳೂ ಒರಸಿಕೊಳ್ಳುವರು. ನಾನು ಐವತ್ತು ವರ್ಷಗಳ ಕಾಲ ಹಾಗೆಯೇ ಕೇಳಿದೆನು. ಈಗ ಓದಿದರೆ ಸಮಾಧಾನವಾಗುವುದಿಲ್ಲ. ಅರ್ಧರಥನೆಂದದ್ದು ತುಂಬಿದ ಸಭೆಯಲ್ಲಿ; ಅರ್ಜುನನಿಗೆ ಸಮಾನನೆಂದದ್ದು ಕಾವಲಿನವರನ್ನೂ ಹೊರಗೆ ಕಳುಹಿಸಿದ ಮೇಲೆ. ನಿಂದೆಗೆ ಸಾಕ್ಷಿಗಳುಂಟು, ಹೊಗಳಿಕೆಗೆ ಒಬ್ಬರೂ ಇಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಹೇಳುವಾಗ ಕಾಲದ ಔಚಿತ್ಯವನ್ನೂ ದೇಶದ ಔಚಿತ್ಯವನ್ನೂ ಎಣಿಸಿರುವನು. ಅವುಗಳಿಂದ ನೋಡಿದರೆ ಭೀಷ್ಮನ ಈ ಮಾತು ಹತ್ತು ದಿನ ತಡವಾಗಿ, ಬೇರೆ ಸ್ಥಳದಲ್ಲಿ ಆಡಿದ ಮಾತು. ಇಲ್ಲಿ ದೋಷವು ಭೀಷ್ಮನದು, ಕವಿಯದಲ್ಲ; ಕವಿಯು ಅದನ್ನು ಕಂಡೇ ಬರೆದಿರುವನು. ಕರ್ಣನು ಮಾತ್ರ ಲೆಕ್ಕ ಹಾಕಲಿಲ್ಲ. ತನ್ನ ದುರುಕ್ತಿಗೆ ಕ್ಷಮೆ ಬೇಡಿ, ಯುದ್ಧಕ್ಕೆ ಅಪ್ಪಣೆ ಪಡೆದು ಹೋದನು. ಆ ರಾತ್ರಿಯ ಮಟ್ಟಿಗೆ ಇಬ್ಬರಲ್ಲಿ ಹಿರಿಯನು ಅವನೇ.

ಆ ಅಧ್ಯಾಪಕರಿಗೆ ಈ ತಿಂಗಳ ಮೊದಲ ವಾರದಲ್ಲಿ ಒಂದು ಕಾಗದವನ್ನು ಬರೆದಿರುವೆನು. ಚಿನ್ನಿದಾಂಡಿನ ವಿಷಯವನ್ನೂ ಬರೆದಿರುವೆನು. ಉತ್ತರವು ಇನ್ನೂ ಬಂದಿಲ್ಲ. ನಮ್ಮ ಉಪನ್ಯಾಸಕರು ಬರುವ ಸಭೆಯಲ್ಲಿ ಶರಶಯ್ಯೆಯ ಭಾಗವನ್ನು ಕುರಿತು ಓದುವರೆಂದು ಸಂಘದ ಕಾರ್ಯದರ್ಶಿಗಳು ತಿಳಿಸಿರುವರು. ಭೀಷ್ಮನ ಪಕ್ಷದಿಂದ ಅವರಿಗೆ ಕೇಳತಕ್ಕ ಎರಡು ಪ್ರಶ್ನೆಗಳು ನನ್ನಲ್ಲಿವೆ. ಎರಡೂ ಪಾಠಕ್ಕೆ ಸಂಬಂಧಪಟ್ಟವು.